ಸುಟ್ಟ ಮೇಲೆ ತೂಕ ಹೆಚ್ಚುವ ಲೋಹ: ಮೂಸೆಯಲ್ಲಿ ಮೆಗ್ನೀಸಿಯಮ್ ಕಾಯಿಸಿ ತೂಗುವ ಪೂರ್ಣ ವಿಧಾನ

ಮಂಡ್ಯದ ಸುತ್ತಲಿನ ಮಕ್ಕಳಿಗೆ ಬೆಂಕಿಯೆಂದರೆ ಮೊದಲು ನೆನಪಾಗುವುದು ಆಲೆಮನೆಯ ಒಲೆ. ಹೊರೆಗಟ್ಟಲೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಯ ಬಾಯಿಗೆ ತಳ್ಳಿದರೂ ಸಂಜೆ ಗೋರಿ ತೆಗೆಯುವ ಬೂದಿ ಒಂದೆರಡು ಮಂಕರಿ ಮಾತ್ರ. ಹೀಗಾಗಿ ತರಗತಿಯಲ್ಲಿ ನಾನು "ಲೋಹವನ್ನು ಸುಟ್ಟರೆ ಅದರ ತೂಕ ಏನಾಗುತ್ತದೆ?" ಎಂದು ಕೇಳಿದಾಗ "ಕಡಿಮೆಯಾಗುತ್ತದೆ ಮೇಡಂ" ಎಂಬ ಉತ್ತರ ಒಂದೇ ದನಿಯಲ್ಲಿ ಬರುತ್ತದೆ. ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಉತ್ತರ ಅದು. ಅಕ್ಕಸಾಲಿಗರ ಮನೆಯ ಮಗುವಾದರೆ ಇನ್ನೂ ಗಟ್ಟಿಯಾಗಿ ಹೇಳುತ್ತದೆ: ಪುಟಕ್ಕಿಟ್ಟ ಚಿನ್ನ ಕಲ್ಮಷ ಕಳೆದುಕೊಂಡು ಹಗುರವಾಗಿಯೇ ಹೊರಬರುತ್ತದೆ.

ಈ ನಂಬಿಕೆಯನ್ನು ತಕ್ಕಡಿಯ ಮುಂದೆ ನಿಲ್ಲಿಸಬೇಕು, ಮಾತಿನಿಂದ ಅಳಿಸಬಾರದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದ ಮೊದಲ ಚಟುವಟಿಕೆಯೇ ಮೆಗ್ನೀಸಿಯಮ್ ಪಟ್ಟಿಯನ್ನು ಉರಿಸುವುದು. ಆದರೆ ಬಹಳ ಕಡೆ ಅದು ಇಕ್ಕಳದ ತುದಿಯ ಬೆಳಕನ್ನು ನೋಡಿ ಹೋ ಎನ್ನುವಲ್ಲಿಗೆ ಮುಗಿಯುತ್ತದೆ. ಅದೇ ಪಟ್ಟಿಯನ್ನು ಮುಚ್ಚಳವಿರುವ ಮೂಸೆಯಲ್ಲಿ ಕಾಯಿಸಿ, ಮೊದಲೂ ಆಮೇಲೂ ತೂಗಿದರೆ ಮೆಗ್ನೀಸಿಯಮ್ ಆಕ್ಸೈಡಿನ ಸೂತ್ರವನ್ನು ವಿದ್ಯಾರ್ಥಿಯೇ ಕಂಡುಹಿಡಿಯಬಹುದು. ಪ್ರೌಢಶಾಲೆಯ ಮೇಲಿನ ತರಗತಿಯವರೂ ಪ್ರಥಮ ಪಿಯುಸಿಯವರೂ ಮಾಡಬಹುದಾದ ಪ್ರಯೋಗ ಇದು. ಶಿಕ್ಷಕರು ಪಕ್ಕದಲ್ಲಿಲ್ಲದೆ, ಮನೆಯಲ್ಲಿ ಒಬ್ಬರೇ ಕುಳಿತು ಮಾಡುವ ಕೆಲಸ ಮಾತ್ರ ಅಲ್ಲ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಸರಿಯುತ್ತರ ಎಲ್ಲರಿಗೂ ಮೊದಲೇ ಗೊತ್ತಿರುವ ಪ್ರಯೋಗ ಇದಾದ್ದರಿಂದ ಅಂಕಿ ತಿದ್ದುವ ಚಪಲ ಇಲ್ಲಿ ಬಹಳ. ತಿದ್ದಿದ ಪುಸ್ತಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೂರನೇ ದಶಮಾಂಶದವರೆಗೂ ಪುಸ್ತಕದ ಉತ್ತರಕ್ಕೆ ಒಪ್ಪುವ ಅಂಕಿ ಕಂಡೊಡನೆ ಮನಸ್ಸು ಕುಗ್ಗುತ್ತದೆ. ನಿಮ್ಮ ಮೂಸೆ ಕೊಟ್ಟ ತೂಕ ಏನೇ ಇರಲಿ, ಅದು ಆ ದಿನ ನಿಮ್ಮ ಮೇಜಿನ ಮೇಲೆ ನಡೆದದ್ದರ ಸಾಕ್ಷಿ. ಅದನ್ನು ಓದಲು ಕಲಿಸುವುದಕ್ಕಾಗಿಯೇ ಈ ಬರಹ.

ಸಾಮಾನು

ಮುಚ್ಚಳವಿರುವ ಪಿಂಗಾಣಿ ಮೂಸೆ, ಅದು ಕೂರಲು ಜೇಡಿಮಣ್ಣಿನ ಕೊಳವೆ ತೊಡಿಸಿದ ತಂತಿಯ ತ್ರಿಕೋನ, ಮುಕ್ಕಾಲಿ, ಉದ್ದ ಹಿಡಿಯ ಇಕ್ಕಳ, ಗ್ಯಾಸ್ ಬರ್ನರ್, ಮೆಗ್ನೀಸಿಯಮ್ ಪಟ್ಟಿ, ಉಪ್ಪುಕಾಗದ, ಡ್ರಾಪರ್, ಭಟ್ಟಿ ಇಳಿಸಿದ ನೀರು, ಕಣ್ಣಿಗೆ ಕನ್ನಡಕ. ಜೊತೆಗೆ ಒಂದು ಬಕೆಟ್ ಒಣ ಮರಳು. ತಂತಿ ಜಾಲರಿಯ ಮೇಲೆ ಮೂಸೆ ಇಡಬೇಡಿ. ಜಾಲರಿ ಶಾಖವನ್ನು ತಾನೇ ಹೀರಿಕೊಂಡು ಹರಡಿಬಿಡುತ್ತದೆ. ತ್ರಿಕೋನದ ಮೇಲಾದರೆ ಜ್ವಾಲೆ ನೇರವಾಗಿ ತಳಕ್ಕೆ ತಾಗುತ್ತದೆ.

ಸ್ಪಿರಿಟ್ ದೀಪ ಈ ಕೆಲಸಕ್ಕೆ ಸಾಲದು. ಲೋಹ ಹೇಗೋ ಹೊತ್ತಿಕೊಂಡರೂ ಕೊನೆಯ ಹಂತದಲ್ಲಿ, ಬೂದಿಗೆ ನೀರು ಹಾಕಿದಾಗ ಹುಟ್ಟುವ ಹೈಡ್ರಾಕ್ಸೈಡನ್ನು ಒಡೆಯಲು ಮೂಸೆಯ ತಳ ಕೆಂಪಗೆ ಕಾಯಬೇಕು. ಬರ್ನರಿನ ಗಾಳಿಕಿಂಡಿಯನ್ನು ಪೂರ್ತಿ ತೆರೆದು ನೀಲಿ ಜ್ವಾಲೆ ಬರಿಸಿಕೊಳ್ಳಿ. ಹಳದಿ ಜ್ವಾಲೆ ಮೂಸೆಯ ತಳಕ್ಕೆ ಮಸಿ ಹಿಡಿಸುತ್ತದೆ, ಆ ಮಸಿಗೂ ತೂಕವಿದೆ.

ತಂಡಗಳು ಹಲವಿದ್ದರೆ ಮೂಸೆಗಳು ಅದಲುಬದಲಾಗುತ್ತವೆ. ಪೆನ್ಸಿಲ್ ಗುರುತು ಬೆಂಕಿಯಲ್ಲಿ ಅಳಿಸಿಹೋಗುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕಡ್ಡಿ ಅದ್ದಿ ಸಂಖ್ಯೆ ಬರೆದು ಕಾಯಿಸಿದರೆ ಕಂದು ಗುರುತು ಮೂಸೆಯ ಮೇಲೆ ಉಳಿದುಕೊಳ್ಳುತ್ತದೆ. ಮುಚ್ಚಳದ ಮೇಲೂ ಅದೇ ಸಂಖ್ಯೆ ಇರಲಿ.

ಸುರಕ್ಷತೆ

ಉರಿಯುವ ಮೆಗ್ನೀಸಿಯಮನ್ನು ದಿಟ್ಟಿಸಿ ನೋಡಬಾರದು. ಅದರ ಬೆಳಕಿನಲ್ಲಿ ನೇರಳಾತೀತ ಕಿರಣಗಳೂ ಸೇರಿವೆ, ಕಣ್ಣಿಗೆ ಕೆಡುಕು. ಮುಚ್ಚಳದ ಸಂದಿಯಿಂದ ಬೆಳಕು ಕಂಡರೆ ಸಾಕು, ಬಗ್ಗಿ ಇಣುಕಬೇಡಿ. ಉದ್ದ ಕೂದಲು ಕಟ್ಟಿರಲಿ, ವೇಲ್ ತೆಗೆದಿಟ್ಟಿರಲಿ.

ಪಟ್ಟಿಗೆ ಮೂಸೆಯ ಹೊರಗೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬಾರದು. ಕಾದ ಮೆಗ್ನೀಸಿಯಮ್ ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ, ಅದೂ ಉರಿಯುತ್ತದೆ. ಗೋಡೆಗೆ ನೇತುಹಾಕಿದ ಇಂಗಾಲದ ಡೈಆಕ್ಸೈಡಿನ ನಂದಕವೂ ಉಪಯೋಗಕ್ಕಿಲ್ಲ, ಏಕೆಂದರೆ ಮೆಗ್ನೀಸಿಯಮ್ ಆ ಅನಿಲದೊಳಗಿನ ಆಮ್ಲಜನಕವನ್ನೂ ಕಿತ್ತುಕೊಂಡು ಉರಿಯುತ್ತಲೇ ಇರುತ್ತದೆ. ಒಣ ಮರಳನ್ನು ಮುಚ್ಚುವುದೊಂದೇ ದಾರಿ. ಇನ್ನೊಂದು ಎಚ್ಚರ: ಕಾದ ಮೂಸೆಗೂ ತಣ್ಣನೆಯ ಮೂಸೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಬೆರಳು ಸುಟ್ಟುಕೊಳ್ಳುವವರು ಸುಟ್ಟುಕೊಳ್ಳುವುದು ಉರಿ ಆರಿದ ಮೇಲೆಯೇ.

ತಕ್ಕಡಿಯನ್ನು ಅರಿತುಕೊಳ್ಳಿ

ಶಾಸ್ತ್ರದ ಮಾತಿನಲ್ಲಿ ನಾವು ಅಳೆಯುವುದು ರಾಶಿ. ಪ್ರಯೋಗಾಲಯದಲ್ಲಿ ಎಲ್ಲರೂ ತೂಕವೆನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

0.001 ಗ್ರಾಂ ತೋರಿಸುವ ತಕ್ಕಡಿ ಸಿಕ್ಕರೆ ಅದನ್ನೇ ಬಳಸಿ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಏನಾಗುತ್ತದೆ ನೋಡಿ. 0.3 ಗ್ರಾಂ ಮೆಗ್ನೀಸಿಯಮ್ ಸುಟ್ಟರೆ ಸೇರುವ ಆಮ್ಲಜನಕ ಸುಮಾರು 0.2 ಗ್ರಾಂ. ಮೊದಲು ತೂಗಿದಾಗ ಒಂದಂಕಿ, ಆಮೇಲೆ ತೂಗಿದಾಗ ಒಂದಂಕಿ ಆಚೀಚೆಯಾದರೆ 0.02 ಗ್ರಾಂ ತಪ್ಪು, ಅಂದರೆ ಆಮ್ಲಜನಕದ ಹತ್ತನೇ ಒಂದು ಪಾಲು. ಅಂಥ ತಕ್ಕಡಿಯೊಂದೇ ಇದ್ದರೆ 0.6 ಗ್ರಾಂ ಪಟ್ಟಿ ತೆಗೆದುಕೊಳ್ಳಿ. ಸುಡಲು ಹೆಚ್ಚು ಹೊತ್ತು ಹಿಡಿದರೂ ತಪ್ಪಿನ ಪಾಲು ಅರ್ಧಕ್ಕೆ ಇಳಿಯುತ್ತದೆ.

ತಕ್ಕಡಿಯ ನೀರುಗುಳ್ಳೆ ನಡುವಿಗೆ ಬಂದಿದೆಯೇ ನೋಡಿ. ತೂಗುವುದಕ್ಕೆ ಅರ್ಧ ಗಂಟೆ ಮೊದಲೇ ಚಾಲೂ ಮಾಡಿಡಿ. ನಡುವೆ ಕರೆಂಟು ಹೋಗಿ ಬಂದರೆ ಸೊನ್ನೆಯನ್ನು ಮತ್ತೆ ಪರೀಕ್ಷಿಸಿ, ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ನೋಡಿ ಮುಂದುವರಿಯಿರಿ. ತೂಗುವಾಗ ಫ್ಯಾನ್ ಆಫ್ ಆಗಿರಬೇಕು; ಏಪ್ರಿಲ್ ತಿಂಗಳ ಸೆಖೆಯಲ್ಲಿ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಮೊದಲಿನಿಂದ ಕೊನೆಯವರೆಗೂ ಒಂದೇ ತಕ್ಕಡಿ. ನಮಗೆ ಬೇಕಿರುವುದು ಎರಡು ತೂಕಗಳ ವ್ಯತ್ಯಾಸವಾದ್ದರಿಂದ ಒಂದೇ ತಕ್ಕಡಿಯ ಸ್ಥಿರವಾದ ತಪ್ಪು ಕಳೆಯುವಾಗ ತಾನೇ ಬಿದ್ದುಹೋಗುತ್ತದೆ.

ಖಾಲಿ ಮೂಸೆಗೆ ಮೊದಲ ಬೆಂಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕಪಾಟಿನಿಂದ ತೆಗೆದ ಮೂಸೆಯಲ್ಲಿ ತೇವವಿರುತ್ತದೆ, ಕೈಯ ಜಿಡ್ಡು ಇರುತ್ತದೆ, ಹಿಂದಿನ ವರ್ಷದ ಶೇಷವೂ ಇದ್ದೀತು. ಇವೆಲ್ಲ ಪ್ರಯೋಗದ ನಡುವೆ ಸುಟ್ಟುಹೋದರೆ ಆಮ್ಲಜನಕ ಸೇರಿದ ತೂಕದಿಂದ ಅಷ್ಟು ಕಳೆದಂತೆ. ಮುಚ್ಚಳವನ್ನು ಓರೆಯಾಗಿಟ್ಟು, ಎರಡು ನಿಮಿಷ ಸಣ್ಣ ಉರಿಯಲ್ಲಿ, ಆಮೇಲೆ ಹತ್ತು ನಿಮಿಷ ತಳ ಕೆಂಪಾಗುವಂತೆ ಕಾಯಿಸಿ. ಒಮ್ಮೆಲೇ ಜೋರು ಉರಿ ಕೊಟ್ಟರೆ ಪಿಂಗಾಣಿ ಸೀಳುತ್ತದೆ.

ಆರಲು ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಕೆಂಪು ಹೋಗುವವರೆಗೆ ತ್ರಿಕೋನದ ಮೇಲೆಯೇ ಬಿಟ್ಟು, ನಂತರ ಇಕ್ಕಳದಿಂದ ಎತ್ತಿ ಡೆಸಿಕೇಟರಿನಲ್ಲಿ, ಅಂದರೆ ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಲ್ಲಿ, ಇಡಿ. ಡೆಸಿಕೇಟರ್ ಇಲ್ಲದ ಶಾಲೆಯಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯ ತಳಕ್ಕೆ ನೀಲಿ ಸಿಲಿಕಾ ಜೆಲ್ ಹರಡಿ, ಮೇಲೆ ಹಂಚಿನ ಚೂರೊಂದನ್ನು ಇಟ್ಟು ಅದರ ಮೇಲೆ ಮೂಸೆ ಇಡಬಹುದು. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ತೇವ ಕುಡಿದು ತಣಿದಿದೆ. ಓವನ್ನಿನಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಮಳೆಗಾಲದಲ್ಲಿ ಈ ಡಬ್ಬಿ ಇಲ್ಲದೆ ಮಾಡುವುದು ಬೇಡ.

ಬಿಸಿ ಮೂಸೆಯನ್ನು ಯಾವ ಕಾರಣಕ್ಕೂ ತೂಗಬೇಡಿ. ಬಿಸಿ ಮೂಸೆಯ ಸುತ್ತಲಿನ ಗಾಳಿ ಕಾದು ಮೇಲೇಳುತ್ತದೆ, ಏಳುವಾಗ ತಟ್ಟೆಯನ್ನೂ ಕೊಂಚ ಎತ್ತುತ್ತದೆ, ತೂಕ ಕಡಿಮೆ ತೋರುತ್ತದೆ. ಸೆಕೆಂಡು ಸೆಕೆಂಡಿಗೂ ಅಂಕಿ ಮೇಲೇರುತ್ತಿದ್ದರೆ ಮೂಸೆ ಇನ್ನೂ ಆರಿಲ್ಲವೆಂದೇ ಅರ್ಥ. ಕೈಯ ಹಿಂಭಾಗವನ್ನು ಹತ್ತಿರ ಹಿಡಿದಾಗ ಶಾಖ ತಿಳಿಯಬಾರದು.

ಮೂಸೆ ಮತ್ತು ಮುಚ್ಚಳವನ್ನು ಒಟ್ಟಿಗೆ ತೂಗಿ ಬರೆದುಕೊಳ್ಳಿ. ಶಾಲೆಯ 45 ನಿಮಿಷದ ಅವಧಿಯಲ್ಲಿ ಇಷ್ಟೇ ಮುಗಿಯುತ್ತದೆ. ಹಿಂದಿನ ದಿನ ಸಂಜೆಯೇ ಈ ಭಾಗ ಮುಗಿಸಿ ಡಬ್ಬಿಯಲ್ಲಿಟ್ಟರೆ ಮರುದಿನ ಎರಡು ಅವಧಿ ಸೇರಿಸಿ ಉಳಿದುದನ್ನು ಮಾಡಬಹುದು.

ಪಟ್ಟಿಯನ್ನು ಸಿದ್ಧಪಡಿಸುವುದು

ಸುರುಳಿಯಿಂದ ಬಿಚ್ಚಿದ ಪಟ್ಟಿಯ ಮೇಲೆ ಮಸುಕು ಪದರವಿರುತ್ತದೆ. ಅದು ಆಗಲೇ ಗಾಳಿಯೊಡನೆ ಕೂಡಿಕೊಂಡ ಮೆಗ್ನೀಸಿಯಮ್. ಅದನ್ನೂ ಸೇರಿಸಿ ತೂಗಿದರೆ ಲೋಹವಲ್ಲದ್ದನ್ನು ಲೋಹವೆಂದು ಲೆಕ್ಕಕ್ಕೆ ಹಿಡಿದಂತೆ. ಉಪ್ಪುಕಾಗದದಿಂದ ಎರಡೂ ಬದಿ ಉಜ್ಜಿ, ಬೆಳ್ಳಿಯ ಹೊಳಪು ಬಂದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ.

ಪೆನ್ಸಿಲಿಗೆ ಸಡಿಲವಾಗಿ ಸುತ್ತಿ ಸುರುಳಿ ಮಾಡಿ ಮೂಸೆಯ ತಳಕ್ಕೆ ಇಳಿಸಿ. ಬಿಗಿಯಾದ ಉಂಡೆ ಮಾಡಿದರೆ ಹೊರಗಿನ ಸುತ್ತು ಬೂದಿಯಾಗಿ ಒಳಗಿನ ಸುತ್ತಿಗೆ ಗಾಳಿ ಸಿಗುವುದಿಲ್ಲ. ಮುಚ್ಚಳ ಹಾಕಿ ಮತ್ತೆ ತೂಗಿ. ಖಾಲಿ ಮೂಸೆಯ ತೂಕ ಕಳೆದರೆ ಮೆಗ್ನೀಸಿಯಮ್ಮಿನ ತೂಕ.

ಉರಿಸುವ ಹದ

ಈ ಪ್ರಯೋಗದ ಗುಟ್ಟೆಲ್ಲ ಮುಚ್ಚಳದಲ್ಲಿದೆ. ಮುಚ್ಚಿಯೇ ಇಟ್ಟರೆ ಆಮ್ಲಜನಕ ಸಿಗದು; ತೆರೆದೇ ಇಟ್ಟರೆ ಲೋಹ ಭುಗಿಲೆಂದು ಉರಿದು ಬಿಳಿ ಹೊಗೆಯಾಗಿ ಹೊರಟುಹೋಗುತ್ತದೆ. ಆ ಹೊಗೆ ಬೇರೇನಲ್ಲ, ನೀವು ತೂಗಬೇಕಾದ ಆಕ್ಸೈಡೇ. ಅನ್ನದ ಪಾತ್ರೆಯ ತಟ್ಟೆಯನ್ನು ಉಕ್ಕದಂತೆ ಆಗಾಗ ಸರಿಸುವ ಕೈಗೆ ಈ ಹದ ಬೇಗ ಬರುತ್ತದೆ.

ಪೂರ್ತಿ ಮುಚ್ಚಿ ಮೂರು ನಿಮಿಷ ಮೆಲ್ಲಗೆ, ನಂತರ ಜೋರಾಗಿ ಕಾಯಿಸಿ. ಮೆಗ್ನೀಸಿಯಮ್ 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಆಸುಪಾಸಿನಲ್ಲೇ ಹೊತ್ತಿಕೊಳ್ಳುತ್ತದೆ. ಒಳಗೆ ಬೆಳಕು ಕಂಡಮೇಲೆ ನಿಮಿಷಕ್ಕೊಮ್ಮೆ ಇಕ್ಕಳದಿಂದ ಮುಚ್ಚಳದ ಒಂದು ಅಂಚನ್ನು ಕೂದಲೆಳೆಯಷ್ಟು ಎತ್ತಿ, ಎರಡು ಮೂರು ಸೆಕೆಂಡು ಬಿಟ್ಟು, ಮುಚ್ಚಿ. ಗಾಳಿ ಒಳಹೋದಾಗ ಬೂದಿ ಝಗ್ಗೆಂದು ಕೆಂಪಾಗುತ್ತದೆ. ಹೊಗೆ ಎಳೆ ಕಂಡರೆ ತಕ್ಷಣ ಮುಚ್ಚಿ. ಎತ್ತಿದಾಗ ಹೊಳಪು ಕಾಣದಂತಾದ ಮೇಲೆ, ಮುಚ್ಚಳವನ್ನು ಓರೆಯಾಗಿಟ್ಟು ಇನ್ನೂ ಹತ್ತು ನಿಮಿಷ ಜೋರು ಉರಿಯಲ್ಲಿ ಬಿಡಿ. ಆರಿಸಿ ತೂಗಿ. ಇದು ಕೊನೆಯ ತೂಕವಲ್ಲ, ಆದರೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಹತ್ತು ಹನಿ ನೀರು

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನ ಹತ್ತಿರ ಇರುವುದು ಸಾರಜನಕ. ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗದ ಈ ಅನಿಲ ಕೆಂಪಗೆ ಕಾದ ಮೆಗ್ನೀಸಿಯಮ್ಮಿನೊಡನೆ ಕೂಡಿಬಿಡುತ್ತದೆ, ಅದರಲ್ಲೂ ಮುಚ್ಚಿದ ಮೂಸೆಯೊಳಗೆ ಆಮ್ಲಜನಕ ತೀರಿದಾಗ. ಹುಟ್ಟುವುದು ಮೆಗ್ನೀಸಿಯಮ್ ನೈಟ್ರೈಡ್. ಒಂದು ಗ್ರಾಂ ಮೆಗ್ನೀಸಿಯಮ್ ಆಕ್ಸೈಡಾದರೆ 0.658 ಗ್ರಾಂ ಹೆಚ್ಚುತ್ತದೆ, ನೈಟ್ರೈಡಾದರೆ ಹೆಚ್ಚುವುದು 0.384 ಗ್ರಾಂ ಮಾತ್ರ. ಹಾಗಾಗಿ ಒಂದಷ್ಟು ನೈಟ್ರೈಡ್ ಉಳಿದರೂ ತೂಕ ಕಡಿಮೆ ಬರುತ್ತದೆ.

ಮೂಸೆ ಪೂರ್ತಿ ತಣ್ಣಗಾದ ಮೇಲೆ, ಸುಡದೆ ಉಳಿದ ಲೋಹದ ಹೊಳಪು ಎಲ್ಲಿಯೂ ಇಲ್ಲವೆಂದು ನೋಡಿಕೊಂಡು, ಎಂಟು ಹತ್ತು ಹನಿ ನೀರನ್ನು ಬೂದಿಯ ಮೇಲೆ ಸಮನಾಗಿ ಬಿಡಿ. ನೈಟ್ರೈಡ್ ನೀರಿನೊಡನೆ ಕೂಡಿ ಮೆಗ್ನೀಸಿಯಮ್ ಹೈಡ್ರಾಕ್ಸೈಡಾಗುತ್ತದೆ, ಅಮೋನಿಯಾ ಹೊರಬರುತ್ತದೆ. ಇದನ್ನು ಕಣ್ಣಿಗೆ ಕಾಣಿಸುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಸ್ಪಿರಿಟ್ಟಿನಲ್ಲಿ ಅರಿಶಿನ ಕದಡಿ, ಸೋಸುಕಾಗದದ ಪಟ್ಟಿಯನ್ನು ಅದ್ದಿ ಒಣಗಿಸಿಟ್ಟುಕೊಳ್ಳಿ. ಆ ಕಾಗದವನ್ನು ಒದ್ದೆ ಮಾಡಿ, ಮೂಸೆಯನ್ನು ಮೆಲ್ಲಗೆ ಬಿಸಿ ಮಾಡುವಾಗ ಏಳುವ ಹಬೆಗೆ ಇಕ್ಕಳದಲ್ಲಿ ಹಿಡಿದರೆ ಹಳದಿ ಕೆಂಗಂದಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದನ್ನು ನೋಡಿದ ಮಗುವಿಗೆ ಪ್ರತ್ಯಾಮ್ಲವೆಂದರೇನೆಂದು ಬೇರೆ ಹೇಳಬೇಕಿಲ್ಲ. ಕೆಂಪು ಲಿಟ್ಮಸ್ ಇದ್ದರೆ ಅದು ನೀಲಿಯಾಗುತ್ತದೆ. ಮೂಗನ್ನು ಹತ್ತಿರ ಒಯ್ಯಬೇಡಿ.

ನೀರು ಇಂಗುವವರೆಗೆ ಉರಿ ಸಣ್ಣದಿರಲಿ, ಇಲ್ಲವಾದರೆ ಬೂದಿ ಚಿಮ್ಮುತ್ತದೆ. ಒಣಗಿದ ಮೇಲೆ ಮುಚ್ಚಳ ಓರೆಯಿಟ್ಟು ಹತ್ತು ಹದಿನೈದು ನಿಮಿಷ ಜೋರಾಗಿ ಕಾಯಿಸಿ. ಹೈಡ್ರಾಕ್ಸೈಡ್ ನೀರು ಕಳೆದುಕೊಂಡು ಆಕ್ಸೈಡೇ ಆಗಿ ಉಳಿಯುತ್ತದೆ. ಆರಿಸಿ ತೂಗಿ. ಮತ್ತೆ ಐದು ನಿಮಿಷ ಕಾಯಿಸಿ, ಆರಿಸಿ, ತೂಗಿ. ಎರಡು ಬಾರಿಯ ತೂಕ 0.002 ಗ್ರಾಂಗಿಂತ ಹೆಚ್ಚು ಬೇರೆಯಾಗದಿದ್ದರೆ ಕೆಲಸ ಮುಗಿದಂತೆ. ಬೇರೆಯಾದರೆ ಇನ್ನೊಮ್ಮೆ. ಗಂಟೆ ಹೊಡೆಯಿತೆಂದು ಇಲ್ಲಿ ನಿಲ್ಲಿಸಬೇಡಿ. ಡಬ್ಬಿಯಲ್ಲಿಟ್ಟು ನಾಳೆ ಮುಂದುವರಿಸಿ.

ಲೆಕ್ಕ

ಲೆಕ್ಕದ ದಾರಿ ತೋರಿಸಲು ಒಂದಷ್ಟು ಅಂಕಿ ಇಟ್ಟುಕೊಳ್ಳೋಣ. ಖಾಲಿ ಮೂಸೆ ಮತ್ತು ಮುಚ್ಚಳ 31.462 ಗ್ರಾಂ. ಪಟ್ಟಿ ಸೇರಿ 31.786 ಗ್ರಾಂ. ನೀರು ಹಾಕುವ ಮೊದಲು 31.982 ಗ್ರಾಂ. ನೀರು ಹಾಕಿ ಕಾಯಿಸಿದ ಮೇಲೆ 31.994, ಇನ್ನೊಮ್ಮೆ ಕಾಯಿಸಿದ ಮೇಲೆ 31.995 ಗ್ರಾಂ.

ಮೆಗ್ನೀಸಿಯಮ್ 31.786 ರಲ್ಲಿ 31.462 ಕಳೆದರೆ 0.324 ಗ್ರಾಂ. ಆಮ್ಲಜನಕ 31.995 ರಲ್ಲಿ 31.786 ಕಳೆದರೆ 0.209 ಗ್ರಾಂ. ಪರಮಾಣುಗಳನ್ನು ಮೋಲ್ ಎಂಬ ಏಕಮಾನದಲ್ಲಿ ಎಣಿಸಲು ಪ್ರತಿಯೊಂದನ್ನೂ ಅದರ ಪರಮಾಣು ರಾಶಿಯಿಂದ ಭಾಗಿಸಬೇಕು. 0.324 ÷ 24.31 = 0.01333 ಮೋಲ್ ಮೆಗ್ನೀಸಿಯಮ್. 0.209 ÷ 16.00 = 0.01306 ಮೋಲ್ ಆಮ್ಲಜನಕ. ಚಿಕ್ಕದರಿಂದ ದೊಡ್ಡದನ್ನು ಭಾಗಿಸಿದರೆ 1.02. ಅಂದರೆ ಒಂದು ಮೆಗ್ನೀಸಿಯಮ್ಮಿಗೆ ಒಂದು ಆಮ್ಲಜನಕ.

1.02 ಎಂದೇ ಬರೆಯಿರಿ. "ಆದ್ದರಿಂದ 1" ಎಂಬುದು ಅದರ ಕೆಳಗಿನ ಸಾಲಿನಲ್ಲಿ ಬರಲಿ. ಅಳತೆ ಒಂದು, ಅದರಿಂದ ನಾವು ತೆಗೆದ ತೀರ್ಮಾನ ಇನ್ನೊಂದು. ನೀರು ಹಾಕುವ ಮೊದಲಿನ ತೂಕದಲ್ಲೇ ನಿಲ್ಲಿಸಿದ್ದರೆ ಆಮ್ಲಜನಕ 0.196 ಗ್ರಾಂ ಎಂದಾಗಿ ಅನುಪಾತ 1.09 ಬರುತ್ತಿತ್ತು. ಹತ್ತು ಹನಿ ನೀರಿನ ಬೆಲೆ ಅಷ್ಟು.

ಅಂಕಿ ದೂರ ಬಂದರೆ

ಆಮ್ಲಜನಕ ಕಡಿಮೆ ಬಂದಿದೆಯೇ? ಬಿಳಿ ಹೊಗೆ ಹೋದದ್ದನ್ನು ಯಾರಾದರೂ ಕಂಡರೇ ಎಂದು ಮೊದಲು ಕೇಳಿ. ಆಮೇಲೆ ಬೂದಿಯನ್ನು ಕಡ್ಡಿಯಿಂದ ಕೆದಕಿ. ನಡುವೆ ಲೋಹದ ಎಳೆ ಉಳಿದಿರಬಹುದು. ನೈಟ್ರೈಡ್, ಖಾಲಿ ಮೂಸೆಯನ್ನು ಕಾಯಿಸದೆ ತೂಗಿದ್ದು, ಬಿಸಿಯಿದ್ದಾಗ ತೂಗಿದ್ದು, ಉಜ್ಜದ ಪಟ್ಟಿ, ಇವೆಲ್ಲವೂ ಎಳೆಯುವುದು ಇದೇ ದಿಕ್ಕಿಗೆ. ಬಹುಪಾಲು ಮಕ್ಕಳ ಅನುಪಾತ 1 ಕ್ಕಿಂತ ಮೇಲೆ ನಿಲ್ಲುವುದು ಇದರಿಂದಲೇ.

ಆಮ್ಲಜನಕ ಹೆಚ್ಚು ಬರುವುದು ಅಪರೂಪ. ಬಂದರೆ ತಳದ ಮಸಿ ನೋಡಿ, ಇಲ್ಲವೆ ಹೈಡ್ರಾಕ್ಸೈಡ್ ಪೂರ್ತಿ ಒಡೆದಿಲ್ಲವೆಂದು ಮತ್ತೆ ಕಾಯಿಸಿ. ಮೂಸೆಯ ಒಳತಳದಲ್ಲಿ ಕಪ್ಪು ಕಲೆ ಮೂಡಿದ್ದರೆ ಗಾಬರಿ ಬೇಡ. ಕಾದ ಮೆಗ್ನೀಸಿಯಮ್ ಪಿಂಗಾಣಿಯಲ್ಲಿರುವ ಸಿಲಿಕಾದ ಆಮ್ಲಜನಕಕ್ಕೂ ಕೈಹಾಕಿದ ಗುರುತು ಅದು.

ಯಾವ ದಿಕ್ಕಿಗೆ ತಪ್ಪಿದೆ ಎಂಬುದರಿಂದ ಏನು ತಪ್ಪಿದೆ ಎಂದು ಹೇಳಬಲ್ಲ ವಿದ್ಯಾರ್ಥಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ, ಅವಳ ಅನುಪಾತ 1.15 ಇದ್ದರೂ.

ಇಡೀ ತರಗತಿಯದು ಒಂದು ಗೆರೆ

ಆರು ತಂಡಗಳಿದ್ದರೆ ಎಲ್ಲರಿಗೂ ಒಂದೇ ಉದ್ದದ ಪಟ್ಟಿ ಕೊಡಬೇಡಿ. 0.15 ಗ್ರಾಂನಿಂದ 0.45 ಗ್ರಾಂವರೆಗೆ ಬೇರೆ ಬೇರೆ ತೂಕ ಹಂಚಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಮೆಗ್ನೀಸಿಯಮ್, ಉದ್ದಕ್ಕೆ ಆಮ್ಲಜನಕ ಇಟ್ಟು ಪ್ರತಿ ತಂಡವೂ ತನ್ನ ಚುಕ್ಕಿಯನ್ನು ತಾನೇ ಇಡಲಿ. ಚುಕ್ಕಿಗಳ ನಡುವೆ ಸೊನ್ನೆಯಿಂದ ಹೊರಡುವ ನೇರ ಗೆರೆ ಎಳೆದರೆ ಅದರ ಇಳಿಜಾರು 0.66ರ ಹತ್ತಿರ ಬರಬೇಕು. ಮೂರು ಪಾಲು ಲೋಹಕ್ಕೆ ಎರಡು ಪಾಲು ಆಮ್ಲಜನಕ, ಪಟ್ಟಿ ಚಿಕ್ಕದಿರಲಿ ದೊಡ್ಡದಿರಲಿ. ನಿಯತ ಅನುಪಾತದ ನಿಯಮವನ್ನು ಬಾಯಿಪಾಠ ಮಾಡಿದ್ದವರು ಅದನ್ನು ಮೊದಲ ಬಾರಿಗೆ ನೋಡುವುದು ಈ ಹಾಳೆಯಲ್ಲಿ. ಗೆರೆಯಿಂದ ಕೆಳಗೆ ಬಿದ್ದ ಚುಕ್ಕಿಯ ತಂಡದವರಿಗೆ ತಮ್ಮ ಮುಚ್ಚಳದ ಕಥೆ ನೆನಪಾಗುತ್ತದೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೇ 1774ರಲ್ಲಿ ತವರವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕಾಯಿಸಿದಾಗ ಒಟ್ಟು ತೂಕ ಬದಲಾಗಲಿಲ್ಲ. ಪಾತ್ರೆ ತೆರೆದಾಗ ಗಾಳಿ ಒಳನುಗ್ಗಿತು, ಆಗ ತೂಕ ಹೆಚ್ಚಿತು. ಸುಡುವಾಗ ಲೋಹದಿಂದ ಏನೋ ಹೊರಹೋಗುತ್ತದೆಂಬ ಆ ಕಾಲದ ವಿದ್ವಾಂಸರ ನಂಬಿಕೆ ಇದರಿಂದ ಅಲುಗಾಡಿತು. ಕಬ್ಬಿನ ಸಿಪ್ಪೆ ಹಗುರವಾಗುವುದೂ ಇದೇ ಲೆಕ್ಕ: ಅದರ ಇಂಗಾಲ, ಹೈಡ್ರೋಜನ್ ಆಮ್ಲಜನಕದೊಡನೆ ಕೂಡಿ ಅನಿಲವಾಗಿ ಕೊಳವೆಯಿಂದ ಹೊರಟುಹೋಗುತ್ತವೆ. ಮೆಗ್ನೀಸಿಯಮ್ಮಿನ ಆಕ್ಸೈಡ್ ಘನವಾದ್ದರಿಂದ ಮೂಸೆಯಲ್ಲೇ ಕೂರುತ್ತದೆ.

ಮುಗಿದ ಮೇಲೆ

ಬೂದಿಯನ್ನು ಕಾಗದಕ್ಕೆ ಸುರಿದು ಕಸಕ್ಕೆ ಹಾಕಬಹುದು; ಅಪಾಯವಿಲ್ಲದ ಪುಡಿ. ಲೋಹದ ಎಳೆ ಉಳಿದಿದ್ದರೆ ಮಾತ್ರ ಬೇರೆ ಮಾಡಿ ಶಿಕ್ಷಕರಿಗೆ ಕೊಡಿ. ಉಳಿದ ಪಟ್ಟಿಯ ಸುರುಳಿ ಒಣ ಡಬ್ಬಿಗೆ, ಬೀಗದ ಕಪಾಟಿಗೆ.

ಆರಿದ ಮೂಸೆಯನ್ನು ತೊಳೆದು ಒಣಗಿಸಿಟ್ಟರೆ ಅದೇ ಮೂಸೆಯಲ್ಲಿ ಮುಂದಿನ ವಾರ ಇನ್ನೊಂದು ತೂಕ ಮಾಡಿಸಬಹುದು. ಮೈಸೂರಿನ ಹತ್ತಿರದ ದೊಡ್ಡಕಾನ್ಯದ ಕಡೆ ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲು ಸಿಗುತ್ತದೆ. ಅದು ಮೆಗ್ನೀಸಿಯಮ್ ಕಾರ್ಬೊನೇಟ್. ಅದನ್ನು ನುಣ್ಣಗೆ ಅರೆದು ಒಂದು ಗ್ರಾಂ ಹಾಕಿ, ತೂಕ ನಿಲ್ಲುವವರೆಗೆ ಕೆಂಪು ಶಾಖದಲ್ಲಿ ಕಾಯಿಸಿದರೆ ಉಳಿಯುವುದು ಅದೇ ಬಿಳಿ ಆಕ್ಸೈಡ್. ಆದರೆ ಈ ಬಾರಿ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕಲ್ಲು ಶುದ್ಧವಾಗಿದ್ದರೆ ನೂರಕ್ಕೆ 52 ಪಾಲು ತೂಕ ಇಳಿಯುತ್ತದೆ. ಬೆಂಕಿ ಹಚ್ಚುವ ಮೊದಲು ತೂಕ ಏರುವುದೋ ಇಳಿಯುವುದೋ ಎಂದು ಪ್ರತಿಯೊಬ್ಬರಿಂದಲೂ ಕಾರಣ ಸಹಿತ ಬರೆಸಿಕೊಳ್ಳಿ.